ಕೂಡದ ಗೆರೆ

"ಸ್ಪ್ಯಾನರ್ ಅಂದ್ರೆ ಕತ್ತರಿ ಅಲ್ಲ ಕಣೇ, ಗಟ್ಟಿಯಾಗಿ ಹಿಡಿ" ಎಂದ ಡ್ರೈವರ್, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಈಗ ಪ್ಲಾಸ್ಟರ್. ಅಂಗಳದಲ್ಲಿ ಮಗಳ ಮೋಟಾರ್ ಸೈಕಲ್ಲು ಮುಂದಿನ ಚಕ್ರಕ್ಕೆ ಮೊಳೆ ಚುಚ್ಚಿಸಿಕೊಂಡು ನಿಂತಿತ್ತು. ಮಧ್ಯಾಹ್ನ ಎರಡಕ್ಕೆ ಅವಳು ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಬೇಕು, ಇವತ್ತೇ ಮೊದಲ ದಿನ. ಮೆಕ್ಯಾನಿಕ್ಕಿಗೆ ವಾರದ ರಜೆ. ಬೀದಿ ಕೊನೆಯ ಪಂಕ್ಚರ್ ಅಂಗಡಿಯವನು ಫೋನಿನಲ್ಲೇ ಕೈ ತೊಳೆದುಕೊಂಡಿದ್ದ: "ಚಕ್ರ ಬಿಚ್ಚಿ ತನ್ನಿ, ಹಾಕಿಕೊಡ್ತೀನಿ. ಅಂಗಡಿ ಬಿಟ್ಟು ಬರೋಕಾಗಲ್ಲ."

ಬಿಚ್ಚಲು ಕೂತವಳು ಅವನ ಹೆಂಡತಿ. ಬೀದಿಯವರಿಗೆಲ್ಲ ಟೈಲರಮ್ಮ. ಸೂಜಿಗಿಂತ ದಪ್ಪದ ಕಬ್ಬಿಣ ಮುಟ್ಟಿದವಳಲ್ಲ. ಆದರೂ ಗಡಿಬಿಡಿ ಮಾಡಲಿಲ್ಲ. ರಿಪೇರಿಗೆ ಬಂದ ಹಳೆಯ ಕೋಟನ್ನು ನೋಡುವ ಹಾಗೆ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದು, ಒಂದು ಭಾಗ ಇನ್ನೊಂದಕ್ಕೆ ಕೂಡುವ ಕಡೆಯಲ್ಲೆಲ್ಲ, ಎರಡರ ಮೇಲೂ ಹಾಯುವಂತೆ ಒಂದೊಂದು ಗೆರೆ ಎಳೆದಳು.

"ಏನೇ, ಗಾಡಿಗೆ ಅಂಗಿ ಹೊಲೀತೀಯಾ?"

"ಬಿಚ್ಚೋದನ್ನ ಯಾರು ಬೇಕಾದ್ರೂ ಬಿಚ್ಚಬಹುದು ರೀ. ಯಾವುದು ಎಲ್ಲಿತ್ತು ಅಂತ ಆಮೇಲೆ ಯಾರು ಹೇಳ್ತಾರೆ? ಅದಿರಲಿ, ಈ ನಟ್ಟನ್ನ ಯಾವ ಕಡೆ ತಿರುಗಿಸೋದು?"

"ಅದು... ಗಾಡಿಯಿಂದ ಗಾಡಿಗೆ ಬೇರೆ ಇರುತ್ತೆ" ಎಂದು ಡ್ರೈವರ್ ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಹುಟ್ಟಿದಾಗಿನಿಂದ ಅವನು ಒಂದು ಚಕ್ರವನ್ನೂ ಬಿಚ್ಚಿರಲಿಲ್ಲ. ಡಿಪೋದಲ್ಲಿ ಅದಕ್ಕೆ ಬೇರೆ ಜನ ಇದ್ದರು. ಇವನು ಬೆಳಿಗ್ಗೆ ಟಯರಿಗೊಂದು ಒದೆ ಕೊಟ್ಟು ಹತ್ತಿಬಿಡುತ್ತಿದ್ದ. ಒಂದೂ ಅಪಘಾತ ಮಾಡದವನೆಂದು ಇಲಾಖೆ ಕೊಟ್ಟ ಪ್ರಶಸ್ತಿಪತ್ರ ಗಾಜಿನ ಚೌಕಟ್ಟಿನೊಳಗೆ ಗೋಡೆ ಏರಿತ್ತು. ಬಂದವರೆಲ್ಲ ಅದನ್ನು ನೋಡಿಯೇ ಹೋಗಬೇಕಿತ್ತು.

ಎಂಜಿನ್ನಿನ ಅಡಿಗೆ ಮರದ ಮಣೆ ಕೊಟ್ಟು, ಟೈಲರಮ್ಮ ಸ್ಪ್ಯಾನರಿನ ಮೇಲೆ ಪಾದ ಊರಿದಳು. ದಿನವೆಲ್ಲ ಹೊಲಿಗೆ ಮಿಷನ್ನು ತುಳಿದ ಕಾಲು. ನಟ್ಟು ಒಮ್ಮೆ ಕಿರುಗುಟ್ಟಿ ಸೋತಿತು. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಹಳೆಯ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಮಗಳು ಚಕ್ರವನ್ನು ಬೀದಿಯುದ್ದಕ್ಕೂ ಉರುಳಿಸಿಕೊಂಡು ಹೋಗಿ, ಪಂಕ್ಚರ್ ಹಾಕಿಸಿ ತಂದಳು.

ಮತ್ತೆ ಕೂಡಿಸಿ ಮುಗಿಸಿದಾಗ ಒಂದು ಗಂಟೆ ದಾಟಿತ್ತು. ಚಕ್ರವನ್ನು ಕೈಯಿಂದ ತಿರುಗಿಸಿದರೆ ಬುಗುರಿಯಂತೆ ತಿರುಗಿತು. "ಭೇಷ್!" ಎಂದ ಡ್ರೈವರ್. ಮಗಳು ಹೆಲ್ಮೆಟ್ ಹಾಕಿಕೊಂಡಳು. ಟೈಲರಮ್ಮ ಮಾತ್ರ ಕುಕ್ಕರಗಾಲಲ್ಲಿ ಕೂತು, ಕತ್ತು ಓರೆ ಮಾಡಿ ನೋಡುತ್ತಲೇ ಇದ್ದಳು.

"ಗೆರೆ ಕೂಡಿಲ್ಲ" ಎಂದಳು.

"ಒಂದು ಬೆರಳು ಆ ಕಡೆ ಈ ಕಡೆ, ಅಷ್ಟೇ ತಾನೆ? ಚಕ್ರ ದುಂಡಗಿರುತ್ತೆ ಕಣೇ, ಹೆಂಗಿಟ್ರೂ ದುಂಡಗೇ ಇರುತ್ತೆ."

"ಚಕ್ರಕ್ಕೆ ಗೆರೆ ಹಾಕಿಲ್ಲ ರೀ. ಪಕ್ಕದಲ್ಲಿ ತಿರುಗದೆ ನಿಂತಿರೋ ಬ್ರೇಕ್ ಪ್ಲೇಟಿಗೆ ಹಾಕಿದ್ದು. ತಿರುಗದೇ ಇರೋದು ಜಾಗ ಬಿಟ್ಟು ಯಾಕೆ ಹೋಯ್ತು?"

"ಅಮ್ಮಾ, ಮೊದಲನೇ ದಿನಾನೇ ಲೇಟಾಗಿ ಹೋಗ್ಲಾ?" ಮಗಳ ದನಿ ಅಳುವಷ್ಟಕ್ಕೆ ಬಂದಿತ್ತು.

"ತೋಳು ಒಂದು ಬೆರಳು ಸರಿದ್ರೆ ಅಂಗಿ ಕೆಡುತ್ತೆ, ಇನ್ನೊಂದು ಹೊಲಿದು ಕೊಡ್ತೀನಿ. ಇದರ ಮೇಲೆ ನೀನು ಕೂರ್ತೀಯ." ಅಷ್ಟು ಹೇಳಿ ಅವಳು ಬಿಗಿದ ನಟ್ಟನ್ನೇ ಮತ್ತೆ ಸಡಿಲಿಸಿದಳು. ಒಳಗೆ ಕೈ ಹಾಕಿ ತಡಕಿದಳು. "ಇಲ್ಲಿ ಬನ್ನಿ ರೀ. ಚಕ್ರ ಹಿಡಿದಿರೋ ಈ ಫೋರ್ಕಿನ ಒಳಗೆ ಒಂದು ಮೂಗು ಇದೆ ನೋಡಿ, ಇದು ಗುಂಡಿ. ಪ್ಲೇಟಿನಲ್ಲಿರೋ ಈ ಸಂದು ಕಾಜ. ಗುಂಡಿ ಕಾಜದೊಳಗೆ ಹೋಗೇ ಇಲ್ಲ."

ಡ್ರೈವರ್ ಬಗ್ಗಿ ನೋಡಿದ. ಚಕ್ರ ಬಿಚ್ಚಲು ಬಾರದಿದ್ದರೂ ಬ್ರೇಕಿನ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಮೂಗು ಪ್ಲೇಟನ್ನು ಹಿಡಿಯದಿದ್ದರೆ, ಜೋರಾಗಿ ಬ್ರೇಕ್ ಒತ್ತಿದ ಗಳಿಗೆಯಲ್ಲಿ ಪ್ಲೇಟೂ ಚಕ್ರದ ಜೊತೆ ಸುತ್ತಿ, ಕೇಬಲ್ಲು ಹರಿದು, ಚಕ್ರ ಕಚ್ಚಿ ನಿಲ್ಲುತ್ತದೆ. ಮನೆಯ ಮುಂದಿನ ರಸ್ತೆ ಇಳಿಜಾರು, ಕೆಳಗೆ ಲಾರಿ ಓಡಾಡುವ ಕೂಡುರಸ್ತೆ. ಅವನು ಒಂದು ಕೈಯಲ್ಲೇ ಚಕ್ರವನ್ನು ಎತ್ತಿ ಹಿಡಿದುಕೊಂಡ, ಅವಳು ಕೂಡಿಸಿದಳು.

ಈ ಸಲ ಗೆರೆಗೆ ಗೆರೆ ಕೂಡಿತು. ಅಂಗಳದಲ್ಲೇ ಮೂರು ಸಲ ಬ್ರೇಕ್ ಹಾಕಿಸಿ ನೋಡಿದ ಮೇಲೆಯೇ ಟೈಲರಮ್ಮ ಗೇಟು ತೆಗೆದಳು. ಗಾಡಿ ಇಳಿಜಾರು ಇಳಿಯಿತು. ಕೂಡುರಸ್ತೆಯ ಬಳಿ ಹಿಂದಿನ ಕೆಂಪು ದೀಪ ಹೊತ್ತಿತು, ಗಾಡಿ ಹದವಾಗಿ ಮುಂದಕ್ಕೆ ಬಾಗಿ ನಿಂತಿತು, ಲಾರಿಯೊಂದು ಹಾದುಹೋದ ಮೇಲೆ ಎಡಕ್ಕೆ ತಿರುಗಿ ಮರೆಯಾಯಿತು. ಟೈಲರಮ್ಮ ಗ್ರೀಸು ಮೆತ್ತಿದ ಕೈಯನ್ನು ಬಟ್ಟೆ ಚೂರಿಗೆ ಒರೆಸಿಕೊಂಡಳು. ಡ್ರೈವರ್ ಆ ಕೈಯನ್ನೇ ನೋಡುತ್ತಿದ್ದ. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಅದನ್ನು ಹಾಗೆ ನೋಡಿದ್ದು ಇದೇ ಮೊದಲು.

ಸಂಜೆ ಅವಳು ಕಾಫಿ ತಂದಾಗ ಅವನು ಪ್ರಶಸ್ತಿಪತ್ರದ ಎದುರು ನಿಂತಿದ್ದ.

"ಡಿಪೋದಲ್ಲಿ ನನ್ನ ಬಸ್ಸಿನ ಚಕ್ರ ಕೂಡಿಸ್ತಿದ್ನಲ್ಲ, ಅವನ ಹೆಸರು ಏನು ಗೊತ್ತೇನೇ?" ಎಂದ.

"ಏನು?"

"ನನಗೂ ಗೊತ್ತಿಲ್ಲ ಕಣೇ."