ಗೋಡೆಯ ಆಚೆಯವನು

ಗೋಡೆಯ ಆಚೆಯಿಂದ ಯಾರೋ ಮೂರು ಸಲ ತಟ್ಟಿದರು. ಬಾಡಿಗೆಗೆ ನೋಡಲು ಬಂದಿದ್ದ ಖಾಲಿ ಮನೆಯಲ್ಲಿ ಹಿಲರಿ ಬೆಚ್ಚಿಬಿದ್ದಳು. “ಗೋಡೆನಾ ಇದು, ಬಿಸ್ಕತ್ತಾ?” ಎಂದ ಗಂಡ ಕ್ಲೈವ್. “ಲಂಡನ್ ಬಿಟ್ಟು ಶೆಫೀಲ್ಡಿಗೆ ಬಂದಿದ್ದೇ ಸಾಕು, ಈ ಬೀದಿ ಬೇರೆ ಬೇಕಾ? ಗುಡ್ಡದ ಮೇಲಿನ ಬಡಾವಣೆನೇ ವಾಸಿ.”

ಮತ್ತೆ ತಟ್ಟಿದರು. ತಿರುಗಿ ತಟ್ಟಲು ಹಿಲರಿ ಕೈ ಎತ್ತಿದಳು. ಕ್ಲೈವ್ ಅವಳ ಮಣಿಕಟ್ಟು ಹಿಡಿದುಕೊಂಡ. “ಸುಮ್ನಿರು. ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತಾರೆ.”

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬೀಗದಕೈ ತಿರುಗಿತು. ಪಕ್ಕದ ಮನೆಯ ಮುದುಕ ಏದುಸಿರು ಬಿಡುತ್ತ ಒಳಗೆ ನುಗ್ಗಿದ. ಒಂದೇ ಕಾಲಲ್ಲಿ ಚಪ್ಪಲಿಯಿತ್ತು. ಇಬ್ಬರೂ ನೆಟ್ಟಗೆ ನಿಂತಿರುವುದನ್ನು ಕಂಡು ಗೋಡೆಗೆ ಒರಗಿದ.

“ಜೀವ ಬಾಯಿಗೆ ಬಂತು ತಾಯಿ. ಓಡಾಡೋ ಸದ್ದು ಕೇಳ್ತು, ಹೊಸಬ್ರು ಬಂದ್ರು ಅಂತ ತಟ್ಟಿದೆ. ತಿರುಗಿ ತಟ್ಟಲಿಲ್ಲ ಅಂದ್ರೆ ಒಳಗಿರೋರು ಬಿದ್ದಿದಾರೆ ಅಂತ ಅರ್ಥ, ನಮ್ಮ ಬೀದೀಲಿ. ದಿನಾ ಬೆಳಿಗ್ಗೆ ನಾನು ತಟ್ಟೋದು, ಈ ಮನೇಲಿದ್ದ ಐವಿ ತಿರುಗಿ ತಟ್ಟೋದು. ಒಂದಿನ ಅವಳು ತಟ್ಟಲಿಲ್ಲ.” ಜೇಬಿಗೆ ಕೈಹಾಕಿ ಇನ್ನೊಂದು ಬೀಗದಕೈ ತೆಗೆದ. “ಇದು ನನ್ನ ಮನೇದು. ಅವಳ ಮನೇದು ನನ್ನ ಹತ್ರ, ಇದು ಅವಳ ಹತ್ರ ಇರ್ತಿತ್ತು. ಇನ್ಮೇಲೆ ನೀನು ಇಟ್ಕೋ.”

ಮುದುಕ ಕೈ ಚಾಚಿಕೊಂಡೇ ನಿಂತ. ಹಿಲರಿಯ ಮಣಿಕಟ್ಟನ್ನು ಕ್ಲೈವ್ ಇನ್ನೂ ಬಿಟ್ಟಿರಲಿಲ್ಲ.