ಅಳಿಸಿದ ಗುರುತು

ಅಂಪೈರ್ ಕುರ್ಚಿಯಿಂದ ಇಳಿದು ಬಂದು ಬೆರಳಿಟ್ಟು ತೋರಿಸಿದ್ದು ಬೇರೆಯೇ ಚೆಂಡಿನ ಗುರುತನ್ನು. ಪ್ರೇಕ್ಷಕರ ಮೊದಲ ಸಾಲಿನಲ್ಲಿದ್ದ ಸೊಲಾಂಜ್‌ಗೆ ಅದು ಖಚಿತವಾಗಿ ಗೊತ್ತಿತ್ತು. ಗೆರೆಯಾಚೆಯ ಆ ಗುರುತು ಹಿಂದಿನ ಗೇಮಿನದು. ಈಗ ಎಲಿಸಿಯೊ ಹೊಡೆದ ಚೆಂಡು ಅಲ್ಲಿಂದ ಗೇಣು ದೂರದಲ್ಲಿ, ಬಿಳಿ ಗೆರೆಯನ್ನು ಕಚ್ಚಿಕೊಂಡೇ ಕೆಂಪು ಮಣ್ಣಿನ ಮೇಲೆ ಅಚ್ಚೊತ್ತಿತ್ತು. ಗೆರೆ ಮುಟ್ಟಿದರೆ ಚೆಂಡು ಒಳಗೇ.

ಪ್ಯಾರಿಸ್ಸಿನ ಟೆನಿಸ್ ಟೂರ್ನಿಯ ಮೂಲೆಯ ಅಂಗಳದಲ್ಲಿ ಮೊದಲ ಸುತ್ತಿನ ಪಂದ್ಯ. ಚೆಂಡು ಹೊರಗೆ ಎಂದಾದರೆ ಊರಿನ ಹುಡುಗ ಬ್ರಿಯಾಕ್ ಗೆದ್ದಂತೆ. ನೆಟ್ಟಿನಾಚೆಯಿಂದ ಎದುರಾಳಿ ಎಲಿಸಿಯೊ "ಅದಲ್ಲ, ಅದರ ಪಕ್ಕದ್ದು ನೋಡಿ" ಎಂದು ಗೋಗರೆಯುತ್ತಿದ್ದ. ಬ್ರಿಯಾಕ್ ನಿಜವಾದ ಗುರುತನ್ನೊಮ್ಮೆ ನೋಡಿ, ಏನೂ ತಿಳಿಯದವನಂತೆ ಕಾಲೆಳೆದು ಅದನ್ನು ಅಳಿಸಿಬಿಟ್ಟ. ಸೊಲಾಂಜ್ ಅರ್ಧ ಎದ್ದಳು. ಗಂಡ ರೆಜಿಸ್ ತೋಳು ಹಿಡಿದು ಎಳೆದ.

"ಕೂತ್ಕೊಳೇ. ನಮ್ಮ ಹುಡುಗ ಗೆಲ್ತಿದಾನೆ, ನಿನಗ್ಯಾಕೆ ಪಂಚಾಯ್ತಿ?"

ಅವಳು ಕೂತಳು. ಅಂಪೈರ್ ಔಟ್ ಎಂದ. ಜನ ಕುಣಿದರು.

ಬ್ರಿಯಾಕ್‌ನ ಸುತ್ತ ಸಹಿಗಾಗಿ ನೂಕುನುಗ್ಗಲು. ಎಲಿಸಿಯೊ ಒಬ್ಬನೇ ಬ್ಯಾಗು ಹೊತ್ತು ಅವಳ ಮುಂದೆ ಹಾದುಹೋಗುತ್ತಿದ್ದ. ಬೆಳಿಗ್ಗೆಯಿಂದ ಬ್ರಿಯಾಕ್‌ನ ಸಹಿಗೆಂದು ಜೋಪಾನ ಮಾಡಿದ್ದ ಟೋಪಿಯನ್ನು ಅವಳು ಇವನತ್ತ ಚಾಚಿದಳು.

"ಗೆದ್ದೋನು ಅಲ್ಲಿದಾನೆ ಮೇಡಂ," ಎಂದು ಅವನು ನಕ್ಕ.

"ನಿಮ್ಮ ಚೆಂಡು ಗೆರೆಗೆ ತಾಗಿತ್ತು. ನಾನು ಕಣ್ಣಾರೆ ನೋಡ್ದೆ."

ಅವನ ನಗು ನಿಂತಿತು. ಟೋಪಿ ತೆಗೆದುಕೊಂಡು, ನಿಧಾನವಾಗಿ ಸಹಿ ಹಾಕಿ ಅವಳ ಕೈಗಿಟ್ಟ.

"ನಾನು ಅಲ್ಲಿ ಬೇಡ್ಕೊಳ್ತಿದ್ದಾಗ," ಎಂದ, "ನೀವು ಇಲ್ಲೇ ಕೂತಿದ್ರಿ ಅಲ್ವಾ?"