ಎಡಗಡೆಯ ಸ್ಪೀಕರು

ಕೊನೆಯ ಸ್ಕ್ರೂ ಬಿಗಿ ಮಾಡಿ, ಮೊಣಕಾಲಿಗೆ ಕೈಯೂರಿ ಆರ್ವಿಡ್ಸ್ ಮೇಲೆದ್ದ. ಸೊಂಟದೆತ್ತರದ ಎರಡು ಸ್ಪೀಕರುಗಳು ಕಿಟಕಿಯ ಆಚೆ ಈಚೆ ಕಲ್ಲುಚಪ್ಪಡಿಗಳ ಮೇಲೆ ನಿಂತಿದ್ದವು. ತಮ್ಮೂರು ರೀಗಾದಲ್ಲೇ ತಯಾರಾದವು, ಇವರ ಮದುವೆಯಷ್ಟೇ ಹಳೆಯವು. ಹಿಮ ಕರಗಿದಾಗಿನಿಂದ ಈವರೆಗೆ ಅವನು ಬದಲಾಯಿಸದೆ ಬಿಟ್ಟದ್ದು ಅವುಗಳ ಮರದ ಪೆಟ್ಟಿಗೆಯನ್ನು ಮಾತ್ರ. ದನಿ ಹೊರಡಿಸುವ ದೊಡ್ಡ ಕೋನಿನ ಸುತ್ತ ಬಿರುಕು ಬಿಟ್ಟಿದ್ದ ರಬ್ಬರನ್ನು ಕಿತ್ತು ಹೊಸದು ಅಂಟಿಸಿದ್ದ. ಒಣಗಿಹೋದ ಕೆಪಾಸಿಟರುಗಳ ಜಾಗದಲ್ಲಿ ಬೇರೆಯವನ್ನು ಬೆಸೆದಿದ್ದ. ಸಂದುಗೊಂದುಗಳನ್ನು ಮುಚ್ಚಿದ್ದ, ಒಳಗಿನ ಹತ್ತಿ ಬದಲಿಸಿದ್ದ, ದಪ್ಪನೆಯ ತಂತಿ ಎಳೆದಿದ್ದ. ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಟ್ವೀಟರೊಂದು ಬಾಕಿ ಇತ್ತು. ಇವತ್ತು ಅದೂ ಆಯಿತು.

"ವೆಲ್ತಾ, ಬಾರೇ ಇಲ್ಲಿ. ಈಗ ಕೇಳು."

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿ ಕುರ್ಚಿಯ ಅಂಚಿನಲ್ಲಿ ಕುಳಿತಳು. ಅವನು ಹಾಕಿದ್ದು ಅವಳದೇ ಗಾಯನವೃಂದದ ರೆಕಾರ್ಡು. ಮದುವೆಗೂ ಮುಂಚಿನಿಂದ ಅವಳು ಅದರಲ್ಲಿ ಕೆಳಸ್ಥಾಯಿಯ ಹೆಂಗಸರ ಸಾಲಿನಲ್ಲಿ ನಿಂತು ಹಾಡಿದವಳು. ಚಳಿಗಾಲದಲ್ಲಿ ಅವಳಿಗೆ ಪಾರ್ಶ್ವವಾಯು ಬಡಿದಿತ್ತು. ಕೈ ಮರಳಿ ಬಂತು, ಮಾತೂ ಬಂತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವನು ಖುಷಿಯಿಂದ ಇದೇ ರೆಕಾರ್ಡು ಹಾಕಿದ್ದ. ಅವಳು ಮುಖ ಕಿವುಚಿದ್ದಳು. "ಏನಿದು, ತಗಡು ಬಡಿದ ಹಾಗೆ? ನಿನ್ನ ಸ್ಪೀಕರು ಕೆಟ್ಟು ಕೂತಿದೆ ನೋಡು." ಅವನಿಗೂ ದನಿ ಮಂಕಾಗಿಯೇ ಕೇಳಿಸಿತ್ತು. ಅವತ್ತು ಹಿಡಿದ ಸ್ಕ್ರೂಡ್ರೈವರನ್ನು ಅವನು ಇನ್ನೂ ಕೆಳಗಿಟ್ಟಿರಲಿಲ್ಲ. ಪ್ರತಿ ರಿಪೇರಿಯಾದ ಮೇಲೂ ಅವಳು "ಸ್ವಲ್ಪ ಪರವಾಗಿಲ್ಲ" ಅನ್ನುವಳು. ಇವನು ಮುಂದಿನ ದೋಷ ಹುಡುಕಲು ಹೊರಡುವನು.

ರೆಕಾರ್ಡಿನ ಮೇಲೆ ಮುಳ್ಳು ಇಳಿಯಿತು. ಹಾಡಿಗೆ ಮೊದಲು ಯಾರೋ ಹಾಳೆ ಮಗುಚಿದ್ದು, ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡದ್ದು, ಇಷ್ಟು ವರ್ಷದಲ್ಲಿ ಮೊದಲ ಸಲ ಆರ್ವಿಡ್ಸ್‌ಗೆ ಕೇಳಿಸಿತು. ಆಮೇಲೆ ದನಿಗಳು ತೆರೆದುಕೊಂಡವು. ಮೈ ಜುಮ್ಮೆಂದಿತು. ತಿರುಗಿ ನೋಡಿದರೆ, ವೆಲ್ತಾ ಹಲ್ಲು ಕೀಳಿಸಿಕೊಳ್ಳಲು ಕಾದು ಕುಳಿತವಳಂತೆ ಮಂಡಿಗಳನ್ನು ಬಿಗಿಯಾಗಿ ಹಿಡಿದಿದ್ದಳು.

"ಹೇಗಿದೆ?"

"ಜೋರಾಗಿದೆ."

"ಜೋರಲ್ಲ ಕಣೇ, ಚೆನ್ನಾಗಿದೆಯಾ?"

ಅಷ್ಟರಲ್ಲಿ ಕೆಳಗಿನ ಮನೆಯ ಬಿರುತಾ ಬಟ್ಟಲ ತುಂಬ ಸ್ಟ್ರಾಬೆರಿ ಹಿಡಿದು ಒಳಗೆ ಬಂದಳು. ಅವಳೂ ಅದೇ ವೃಂದದವಳು. ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ದೇವರೇ, ಇದು ನಮ್ಮದೇ ಅಲ್ವಾ! ಇದೆಲ್ಲ ಇಷ್ಟು ದಿನ ಎಲ್ಲಿ ಅಡಗಿತ್ತು? ಒಬ್ಬೊಬ್ಬರ ದನೀನೂ ಗುರುತು ಸಿಗುತ್ತೆ. ಏನು ಮಾಡಿದ್ರಿ ಮಾರಾಯ್ರೇ ಇದಕ್ಕೆ?" ಬಟ್ಟಲು ಹಿಡಿದೇ ಕಣ್ಣೊರೆಸಿಕೊಂಡಳು. "ಅಗೋ, ಅಗೋ... ವೆಲ್ತಾ, ನೀನು! ಕೇಳಿಸ್ತಾ?"

ವೆಲ್ತಾ ಸ್ಪೀಕರಿನ ಕಡೆ ತುಸು ಬಾಗಿದಳು.

"ಯಾವುದು ನಾನು?"

ಬಿರುತಾ ಗೊಳ್ಳೆಂದು ನಕ್ಕಳು. "ನೋಡಿ ಇವಳ ವಯ್ಯಾರ! ನಮ್ಮ ಬಾಯಲ್ಲಿ ಇನ್ನೊಂದು ಸಲ ಹೊಗಳಿಸ್ಕೋಬೇಕು ಇವಳಿಗೆ. ಸಾಕು, ಕಾಲಲ್ಲಿ ಇನ್ನೂ ಬಲ ಇಲ್ಲ ಅನ್ನೋ ನೆಪ ಹೇಳ್ಬೇಡ, ಮುಂದಿನ ವಾರ ಅಭ್ಯಾಸಕ್ಕೆ ಬಾ. ನಿನ್ನ ಜಾಗದಲ್ಲಿ ಯಾರನ್ನೂ ನಿಲ್ಲೋಕೆ ಬಿಟ್ಟಿಲ್ಲ."

ಆರ್ವಿಡ್ಸ್ ನಗಲಿಲ್ಲ. ಹೆಂಡತಿ ತನ್ನ ದನಿಯ ಗುರುತು ಸಿಗದೆ ನಿಜವಾಗಿಯೇ ಆ ಪ್ರಶ್ನೆ ಕೇಳಿದ್ದಳು.

ಬಿರುತಾ ಹೋದ ಮೇಲೆ ಅವನು ಮುಳ್ಳು ಎತ್ತಿದ. ಕೆಳಗೆ ಬೀದಿಯಲ್ಲಿ ಟ್ರಾಮ್ ಕಿರುಗುಟ್ಟುತ್ತ ತಿರುವು ದಾಟಿತು. ವೆಲ್ತಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು:

"ನಾನು ಹೋಗಿದ್ದೆ."

"ಎಲ್ಲಿಗೆ?"

"ಅಭ್ಯಾಸಕ್ಕೆ. ಒಳಗೆ ಕಾಲಿಡಲಿಲ್ಲ, ಬಾಗಿಲ ಹೊರಗೇ ನಿಂತಿದ್ದೆ. ಅಲ್ಲಿ ಯಾವ ಸ್ಪೀಕರಿತ್ತು ಹೇಳು? ಎಲ್ಲರೂ ಬಾಯಿಬಿಟ್ಟು ಹಾಡ್ತಿದ್ರು. ನಂಗೆ ಪಾತ್ರೆಪಡಗ ಎಲ್ಲ ಮೆಟ್ಟಿಲ ಮೇಲಿಂದ ಉರುಳಿದ ಹಾಗೆ ಕೇಳಿಸ್ತು. ಡಾಕ್ಟರನ್ನೂ ಕೇಳಿದೆ. ಕೈ ಬಂತಲ್ಲ, ಮಾತು ಬಂತಲ್ಲ, ನಿಮ್ಮ ಪುಣ್ಯ ಅಂದ್ರು. ಕೆಲವರಿಗೆ ಸಂಗೀತ ಮಾತ್ರ ವಾಪಸು ಬರಲ್ಲವಂತೆ."

"ನಂಗ್ಯಾಕೆ ಹೇಳಲಿಲ್ಲ?"

"ಟ್ವೀಟರು ಬರೋದಿತ್ತಲ್ಲ," ಅಂದಳು ವೆಲ್ತಾ. "ಅದೊಂದು ಬಂದುಬಿಡಲಿ ಅಂತ..."

ಆರ್ವಿಡ್ಸ್ ಕಿಟಕಿಯ ಕಡೆ ತಿರುಗಿದ. ಎರಡು ಸ್ಪೀಕರುಗಳೂ ಒಂದು ಕುಂದಿಲ್ಲದೆ ಎದುರಿಗೆ ನಿಂತಿದ್ದವು. ಅವು ಇನ್ನೂ ಕೆಟ್ಟೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು ಅವನಿಗೆ. ಬೆಸೆಯಲು ಕೂತ ದಿನಗಳಲ್ಲಿ ಈ ಮನೆಯಲ್ಲಿ ಊಟ ರುಚಿಸುತ್ತಿತ್ತು, ನಿದ್ದೆ ಬರುತ್ತಿತ್ತು.

"ಬದಲಾಯಿಸೋಕೆ ಇನ್ನೇನೂ ಉಳಿದಿಲ್ವಾ, ಆರ್ವಿಡ್ಸ್?"

ಅವನು ಎಡಗಡೆಯ ಸ್ಪೀಕರನ್ನು ತಬ್ಬಿ ಎತ್ತಿ, ನೆಲದ ಮೇಲೆ ಅಂಗಾತ ಮಲಗಿಸಿ, ಪಕ್ಕದಲ್ಲಿ ಮಂಡಿಯೂರಿದ.

"ಇದರಲ್ಲಿ ಏನೋ ಇದೆ," ಅಂದ. "ಆಗಲೇ ನಂಗೂ ಕೇಳಿಸ್ತು."

ವೆಲ್ತಾ ಕುರ್ಚಿಯಿಂದಿಳಿದು ಅವನೆದುರು ನೆಲದಲ್ಲಿ ಕುಳಿತಳು. ಅವನು ಬಿಚ್ಚಲಿರುವ ಸ್ಕ್ರೂಗಳಿಗಾಗಿ, ವಾಸಿಯಾದ ಆ ಕೈಯನ್ನು ಮುಂದಕ್ಕೆ ಒಡ್ಡಿದಳು.